ಯಾವ ಮಧುರೆ, ಯಾವ ಕರಡಿ?

"ಮಧುರೆಯಲ್ಲಿ ಕರಡಿ ಕಾಣಿಸಿತು" ಎಂಬ ವಾಕ್ಯವನ್ನು ತೆಗೆದುಕೊಳ್ಳೋಣ. ಮೂರೇ ಮಾತಿನ ವಾಕ್ಯ. ಆದರೂ ಓದುಗನನ್ನು ಅದು ಎರಡು ಕಡೆ ನಿಲ್ಲಿಸಬೇಕು. ಯಾವ ಮಧುರೆ? ನಮ್ಮ ಹಳೆಯ ಕವಿಗಳಿಗೆ ಮಧುರೆಯೆಂದರೆ ಯಮುನೆಯ ದಡದ, ಕಂಸನ ಊರು. ದಕ್ಷಿಣದ ಯಾತ್ರಿಕರಿಗೆ ಅದು ಮೀನಾಕ್ಷಿಯ ಪಟ್ಟಣ. ಶನಿವಾರ ಬೆಳಗ್ಗೆ ಬೆಂಗಳೂರಿನಿಂದ ಬಸ್ಸು ಹತ್ತುವ ಭಕ್ತರಿಗಾದರೋ ಅದು ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆ, ಶನಿಮಹಾತ್ಮನ ಗುಡಿಯ ಸೀಮೆ. ಇದನ್ನು ಕೇಳಿ ತಿಳಿದುಕೊಳ್ಳಲು ಯಾರೂ ಹಿಂಜರಿಯುವುದಿಲ್ಲ. ಆದರೆ "ಯಾವ ಕರಡಿ?" ಎಂಬ ಎರಡನೆಯ ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ. ಊರಿನ ಹೆಸರೊಂದು ಮೂರು ಕಡೆ ಸಲ್ಲುತ್ತದೆಂದು ಬಲ್ಲವರೂ ಪ್ರಾಣಿಯ ಹೆಸರು ಹಾಗೆಯೇ ಹಲವು ಪ್ರಾಣಿಗಳಿಗೆ ಸಲ್ಲಬಹುದೆಂದು ಯೋಚಿಸುವುದಿಲ್ಲ.

ಕಾವ್ಯದಲ್ಲಾಗಲಿ ಕಥೆಯಲ್ಲಾಗಲಿ ಒಂದು ಪ್ರಾಣಿ ಬಂದರೆ ನಮ್ಮ ವಿಮರ್ಶೆ ಅದನ್ನು ಪ್ರತೀಕವೆಂದೋ ಅಲಂಕಾರವೆಂದೋ ಕರೆದು ಮುಂದೆ ಸಾಗುವುದು ವಾಡಿಕೆ. ಆ ಪ್ರಾಣಿ ಯಾವುದು, ಅದು ಆ ನೆಲದಲ್ಲಿ ಇರಲು ಸಾಧ್ಯವೆ ಎಂಬುದು ಪ್ರಾಣಿಶಾಸ್ತ್ರದವರ ತಲೆನೋವೆಂದು ನಾವು ಬಗೆದಿದ್ದೇವೆ. ಇದು ಸರಿಯಲ್ಲ. ಲೇಖಕನು ತನ್ನ ಕಣ್ಣಿನಿಂದ ಕಂಡು ಬರೆದಿದ್ದಾನೆಯೆ, ಹೆಸರನ್ನು ಕೇಳಿ ಬರೆದಿದ್ದಾನೆಯೆ ಎಂಬುದನ್ನು ಪರೀಕ್ಷಿಸಲು ಇದಕ್ಕಿಂತ ನೇರವಾದ ಒರೆಗಲ್ಲು ಇಲ್ಲ. ತನ್ನ ನೆಲೆಯಲ್ಲದ ಕಡೆ ಪ್ರಾಣಿಯೊಂದು ಪುಟದ ಮೇಲೆ ಕಾಣಿಸಿಕೊಂಡಾಗ, ಆ ಪ್ರಾಣಿ ನಿಜವಾಗಿ ಅಲ್ಲಿಗೆ ಬಂದಿತ್ತೆ ಅಥವಾ ಅದರ ಹೆಸರು ಮಾತ್ರ ಬಂದಿತ್ತೆ ಎಂದು ವಿಚಾರಿಸುವುದು ವಿಮರ್ಶೆಯ ಕೆಲಸವೇ ಆಗಿದೆ.

ಲೋಕಪ್ರಸಿದ್ಧವಾದ ನಿದರ್ಶನ ರಡ್ಯಾರ್ಡ್ ಕಿಪ್ಲಿಂಗನದು. ೧೮೯೪ರಲ್ಲಿ ಪ್ರಕಟವಾದ 'ಜಂಗಲ್ ಬುಕ್'ನ ಮೌಗ್ಲಿಯ ಕಥೆಗಳು ನಡೆಯುವುದು ಮಧ್ಯಭಾರತದ ಸಿಯೋನಿಯ ಗುಡ್ಡಗಳಲ್ಲಿ. ಅಲ್ಲಿ ತೋಳದ ಮರಿಗಳಿಗೆ ಕಾಡಿನ ಕಟ್ಟಳೆಯನ್ನು ಕಲಿಸುವ ಗುರು ಬಾಲೂ. ಕಿಪ್ಲಿಂಗನು ಅವನನ್ನು ಸ್ಪಷ್ಟವಾಗಿ ಕಂದು ಕರಡಿಯೆಂದು ಕರೆದಿದ್ದಾನೆ. ಭಾರತದಲ್ಲಿ ಕಂದು ಕರಡಿ ಎಂಬ ಜಾತಿ ಇರುವುದು ಹಿಮಾಲಯದ ಎತ್ತರದಲ್ಲಿ, ಮರಗಳು ಮುಗಿದು ಹುಲ್ಲುಗಾವಲು ಮೊದಲಾಗುವ ಶೀತಪ್ರದೇಶದಲ್ಲಿ. ಸಿಯೋನಿಯ ಸಾಗುವಾನಿ ಕಾಡಿಗೆ ಅದು ಬರುವ ಸಂಭವವೇ ಇಲ್ಲ. ಅಲ್ಲಿರುವುದು ನಮ್ಮ ಕಡೆಯದೇ ಆದ, ಉದ್ದ ಕೂದಲಿನ ಕರಿಯ ಕರಡಿ. 'ಬಾಲೂ' ಎಂಬುದೂ ಹೆಸರಲ್ಲ. ಹಿಂದಿಯ 'ಭಾಲೂ', ಅಂದರೆ ಕರಡಿ. ಕರಡಿಯೆಂಬ ಹೆಸರಿನ ಕರಡಿ, ಅದರ ಮೇಲೆ ಬೇರೊಂದು ಕರಡಿಯ ಬಣ್ಣ. ೧೯೬೭ರ ಡಿಸ್ನಿ ಚಲನಚಿತ್ರ ಅದಕ್ಕೆ ಬೂದುಬಣ್ಣ ಬಳಿದು ಇನ್ನೊಂದು ಹೆಜ್ಜೆ ದೂರ ಕೊಂಡೊಯ್ದಿತು.

ಕಥೆಗಾರನಿಗೆ ಇಷ್ಟು ಸ್ವಾತಂತ್ರ್ಯವೂ ಇಲ್ಲವೆ ಎಂದು ಯಾರಾದರೂ ಕೇಳಬಹುದು. ಖಂಡಿತ ಇದೆ. ಆದರೆ ಅದೇ ಪುಸ್ತಕದ ಬಘೀರನನ್ನು ಪಕ್ಕದಲ್ಲಿಟ್ಟು ನೋಡಿರಿ. ಬಘೀರ ಕರಿಚಿರತೆ. ಮೈಯೆಲ್ಲ ಕಪ್ಪಾದರೂ ಬೆಳಕು ಒಂದು ಕೋನದಿಂದ ಬಿದ್ದಾಗ ಚಿರತೆಯ ಚುಕ್ಕೆಗಳು ರೇಷ್ಮೆಯ ಮೇಲಿನ ನೆರಳಿನಂತೆ ಮೂಡುವುದನ್ನು ಕಿಪ್ಲಿಂಗ್ ಗುರುತಿಸಿದ್ದಾನೆ. ಕಬಿನಿಯ ಕಾಡಿನಲ್ಲಿ ಈಚೆಗೆ ತೆಗೆದ ಕರಿಚಿರತೆಯ ಚಿತ್ರಗಳನ್ನು ಕಂಡವರಿಗೆ ಆ ವರ್ಣನೆ ಎಷ್ಟು ಯಥಾರ್ಥವೆಂಬುದು ಗೊತ್ತು. ಚಿರತೆಗೆ ದೊರೆತ ಆ ದೃಷ್ಟಿ ಕರಡಿಗೆ ದೊರೆಯಲಿಲ್ಲ. ಬಾಲೂ ತಿನ್ನುವುದು ಗೆಡ್ಡೆ, ಕಾಯಿ, ಜೇನು ಮಾತ್ರ. ನಮ್ಮ ಕರಡಿಯ ಮುಖ್ಯ ಆಹಾರವಾದ ಗೆದ್ದಲು ಆ ಊಟದಲ್ಲಿ ಇಲ್ಲ. ಕಾರಣ ಸರಳವಾಗಿದೆ. ಬಘೀರ ಮೊದಲು ಚಿರತೆ, ಆಮೇಲೆ ಪಾತ್ರ. ಬಾಲೂ ಮೊದಲು ವಿಕ್ಟೋರಿಯಾ ಕಾಲದ ಶಾಲೆಯ ಮೇಷ್ಟರು; ಅವರಿಗೆ ಹೊದೆಯಲು ಒಂದು ತುಪ್ಪಳದ ಕೋಟು ಬೇಕಾಗಿತ್ತು, ಕೈಗೆ ಸಿಕ್ಕಿದ ಬಣ್ಣದ್ದನ್ನು ಲೇಖಕನು ಹೊದಿಸಿದನು. ಬಾಲೂ ರಮ್ಯವಾದ ಪಾತ್ರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬಘೀರನನ್ನು ನೆನೆದಾಗ ಕಾಡು ನೆನಪಾಗುತ್ತದೆ, ಬಾಲೂನನ್ನು ನೆನೆದಾಗ ಶಾಲೆ ನೆನಪಾಗುತ್ತದೆ. ಈ ವ್ಯತ್ಯಾಸ ಬಣ್ಣದಲ್ಲಿ ಮೊದಲಾದದ್ದು.

ಹಾಗಾದರೆ ಪ್ರಾಣಿಯನ್ನು ಗುರುತಿಸುವುದು ಹೇಗೆ? ಇದಕ್ಕೆ ನಮ್ಮ ಶಿಲ್ಪಿಗಳು ಬಹಳ ಹಿಂದೆಯೇ ಉತ್ತರ ಕೊಟ್ಟಿದ್ದಾರೆ. ಗುಡಿಯಲ್ಲಿ ದೇವರ ಹೆಸರನ್ನು ಕಲ್ಲಿನ ಮೇಲೆ ಬರೆದಿರುವುದಿಲ್ಲ. ಕೈಯಲ್ಲಿ ಏನಿದೆ, ಕೆಳಗೆ ಯಾವ ವಾಹನವಿದೆ ಎಂದು ನೋಡಿ ನಾವು ತಿಳಿಯುತ್ತೇವೆ. ಕಾಗೆಯನ್ನು ಕಂಡರೆ ಶನಿದೇವರೆಂದು ಮಧುರೆಗೆ ಹೋಗುವ ಮಗುವೂ ಹೇಳುತ್ತದೆ. ಜೈನ ಬಸದಿಗಳಲ್ಲಿ ಇದು ಇನ್ನೂ ಸೂಕ್ಷ್ಮ: ಇಪ್ಪತ್ತನಾಲ್ಕು ತೀರ್ಥಂಕರರ ಮುಖ, ನಿಲವು ಬಹುಮಟ್ಟಿಗೆ ಒಂದೇ ಆಗಿದ್ದರೂ ಪೀಠದ ಲಾಂಛನ ಬೇರೆ ಬೇರೆ. ಸಿಂಹವಿದ್ದರೆ ಮಹಾವೀರ, ವೃಷಭವಿದ್ದರೆ ಆದಿನಾಥ. ಮೂರ್ತಿಗೆ ಹೇಗೋ ಪ್ರಾಣಿಗೂ ಹಾಗೆಯೇ ಲಾಂಛನಗಳಿವೆ.

ಭಾರತದಲ್ಲಿ ಕರಡಿಗಳು ನಾಲ್ಕು ಜಾತಿ. ಕಂದು ಕರಡಿ ಹಿಮಾಲಯದ ಎತ್ತರದಲ್ಲಿ; ಹಿಮಾಲಯದ ಕಪ್ಪು ಕರಡಿ ಅದಕ್ಕಿಂತ ಕೆಳಗಿನ ಕಾಡುಗಳಲ್ಲಿ ಮತ್ತು ಈಶಾನ್ಯದಲ್ಲಿ; ಎಲ್ಲಕ್ಕಿಂತ ಚಿಕ್ಕದಾದ ಸೂರ್ಯಕರಡಿ ಈಶಾನ್ಯದ ಗುಡ್ಡಗಾಡಿನಲ್ಲಿ ಮಾತ್ರ. ನಾಲ್ಕನೆಯದು ನಮ್ಮದು. ಕರ್ನಾಟಕದ ಕಾಡಿನಲ್ಲಿ ಸಹಜವಾಗಿ ಇರುವುದು ಇದೊಂದೇ. ಇದರ ಮತ್ತು ಹಿಮಾಲಯದ ಕಪ್ಪು ಕರಡಿಯ ನಡುವೆ ಗೊಂದಲಪಡುವುದು ಸುಲಭ. ಎರಡೂ ಕಪ್ಪು, ಎರಡರ ಎದೆಯ ಮೇಲೂ ಬಿಳಿಯ ಗುರುತು. ಒಂದೇ ಲಾಂಛನವನ್ನು ಹಿಡಿದು ತೀರ್ಪು ಕೊಡುವವನು ಇಲ್ಲಿ ಎಡವುತ್ತಾನೆ. ಎರಡು ಮೂರು ಕುರುಹುಗಳನ್ನು ಕೂಡಿಸಿ ನೋಡಿದರೆ ಸಂದೇಹ ಉಳಿಯುವುದಿಲ್ಲ. ನಮ್ಮ ಕರಡಿಯ ಕೂದಲು ಉದ್ದ, ಒರಟು, ಕೆದರಿದ್ದು; ಅದರದು ಗಿಡ್ಡ, ನುಣುಪು. ನಮ್ಮದರ ಮೂತಿ ನಸುಬಿಳಿ, ತುಟಿ ಉದ್ದ. ಮುಂಗಾಲಿನ ಉಗುರುಗಳು ದಂತದ ಬಣ್ಣದವು, ನಾಲ್ಕಂಗುಲದವರೆಗೂ ಬೆಳೆಯುವಂಥವು. ಅದರ ಉಗುರು ಗಿಡ್ಡ, ಮರ ಹತ್ತಲು ತಕ್ಕದ್ದು. ನಮ್ಮದರ ಮೇಲ್ದವಡೆಯ ನಡುವಣ ಎರಡು ಮುಂಬಲ್ಲುಗಳು ಇಲ್ಲ. ಆ ಸಂದಿಯಿಂದಲೇ ಅದು ಹುತ್ತಕ್ಕೆ ಬಾಯಿಟ್ಟು ಗೆದ್ದಲನ್ನು ಹೀರುವುದು. ತಾಯಿಯ ಬೆನ್ನ ಮೇಲೆ ಮರಿ ಸವಾರಿ ಮಾಡುತ್ತಿದ್ದರಂತೂ ಬೇರೆ ಸಾಕ್ಷ್ಯ ಬೇಕಾಗಿಲ್ಲ.

ಈ ಪ್ರಾಣಿಯ ಚರಿತ್ರೆಯೇ ತಪ್ಪು ಗುರುತಿನಿಂದ ಮೊದಲಾಯಿತೆಂಬುದು ವಿನೋದದ ಸಂಗತಿ. ೧೭೯೧ರಲ್ಲಿ ಜಾರ್ಜ್ ಷಾ ಎಂಬ ಇಂಗ್ಲಿಷ್ ಪಂಡಿತನು ಇದಕ್ಕೆ ಶಾಸ್ತ್ರೀಯ ನಾಮಕರಣ ಮಾಡುವಾಗ ಇದನ್ನು ಕರಡಿಯೆಂದು ಒಪ್ಪಲಿಲ್ಲ. ಉದ್ದವಾದ ಉಗುರು, ಇಲ್ಲದ ಮುಂಬಲ್ಲು ಇವು ಅವನಿಗೆ 'ಸ್ಲಾತ್' ಎಂಬ ಪ್ರಾಣಿಯನ್ನು ನೆನಪಿಗೆ ತಂದವು. ಮರಕ್ಕೆ ತಲೆಕೆಳಗಾಗಿ ಜೋತುಬಿದ್ದು ಕಾಲ ಕಳೆಯುವ ಆ ಜೀವಿ ಇರುವುದು ಅಮೆರಿಕ ಖಂಡದ ಉಷ್ಣ ಕಾಡುಗಳಲ್ಲಿ. ಆ ವಂಶಕ್ಕೇ ಇದನ್ನು ಸೇರಿಸಿ 'ಕರಡಿಯಂಥ ಸ್ಲಾತ್' ಎಂದು ಅವನು ಹೆಸರಿಟ್ಟನು. ಹೀಗೆ ಹಿಂದೂಸ್ಥಾನದ ಕಾಡಿನಲ್ಲಿ, ಸಾಗರಗಳಾಚೆಯ ಪ್ರಾಣಿಯೊಂದು ಕಾಗದದ ಮೇಲೆ ಅವತರಿಸಿತು. ಎರಡೇ ವರ್ಷಗಳಲ್ಲಿ ಮೇಯರ್ ಎಂಬ ವಿದ್ವಾಂಸನು ಇದನ್ನು 'ಮೆಲರ್ಸಸ್', ಅಂದರೆ ಜೇನುಕರಡಿ, ಎಂದು ಕರೆದನು. ೧೮೧೭ರಲ್ಲಿ ಫ್ರಾನ್ಸಿನ ಬ್ಲಾಂವಿಲ್ ಉದ್ದ ತುಟಿಯನ್ನು ಹಿಡಿದು ಮತ್ತೊಂದು ಹೆಸರು ಕೊಟ್ಟನು. ಕೊನೆಗೆ ನಿಂತ ಹೆಸರು 'ಮೆಲರ್ಸಸ್ ಅರ್ಸೈನಸ್'. ಬಿಡಿಸಿ ಹೇಳಿದರೆ 'ಕರಡಿಯಂಥ ಜೇನುಕರಡಿ'! ಕರಡಿಯನ್ನು ಕರಡಿಯಂಥದು ಎಂದು ಕರೆಯುವ ಈ ವಿಚಿತ್ರ, ಷಾ ಮಹಾಶಯನ ಕೊಡುಗೆ.

ಷಾ ನೋಡಿದ ಕುರುಹುಗಳು ಸುಳ್ಳಲ್ಲ ಎಂಬುದನ್ನು ಗಮನಿಸಬೇಕು. ಉಗುರು ಉದ್ದವೇ, ಹಲ್ಲೂ ಇಲ್ಲವೇ ಇಲ್ಲ. ಅವನು ಕೇಳದೆ ಬಿಟ್ಟದ್ದು ನೆಲೆಯ ಪ್ರಶ್ನೆ: ಈ ವಂಶದ ಪ್ರಾಣಿ ಇಲ್ಲಿ ಏಕಿರಬೇಕು? ಅನಿರೀಕ್ಷಿತವಾದುದನ್ನು ಸಾರುವವನು ನಿರೀಕ್ಷಿತವಾದುದನ್ನು ಮೊದಲು ಅಲ್ಲಗಳೆಯಬೇಕು. ಅದನ್ನು ಮಾಡದಿದ್ದುದರ ಫಲ ಇಂದಿಗೂ ಉಳಿದಿದೆ. ಇಂಗ್ಲಿಷಿನಲ್ಲಿ ಇದು ಇನ್ನೂ 'ಸ್ಲಾತ್ ಬೇರ್'. ಆ ಪದಕ್ಕೆ ಸೋಮಾರಿತನವೆಂಬ ಅರ್ಥವೂ ಇರುವುದರಿಂದ ಕನ್ನಡದಲ್ಲಿ 'ಸೋಮಾರಿ ಕರಡಿ' ಎಂದು ಅನುವಾದಿಸುವವರು ಇದ್ದಾರೆ. ರಾತ್ರಿಯಿಡೀ ಗಟ್ಟಿ ಹುತ್ತಗಳನ್ನು ಅಗೆದು, ಬಂಡೆಗಳನ್ನು ಉರುಳಿಸಿ ಹೊಟ್ಟೆ ಹೊರೆಯುವ ಪ್ರಾಣಿಗೆ ಈ ಬಿರುದು! ಒಬ್ಬನ ತಪ್ಪು ಗುರುತನ್ನು ಇನ್ನೊಬ್ಬನ ತಪ್ಪು ಅನುವಾದ ಸ್ವಭಾವವನ್ನಾಗಿ ಮಾಡಿಬಿಡುವುದು ಹೀಗೆ.

ಈಗ ನಮ್ಮ ಸೀಮೆಯ ಪುಸ್ತಕವೊಂದಕ್ಕೆ ಬರೋಣ. ಬೆಂಗಳೂರಿನಲ್ಲಿ ಬಾಳಿದ ಕೆನೆತ್ ಆಂಡರ್ಸನ್ (೧೯೧೦–೧೯೭೪) ಬರೆದ ಬೇಟೆಯ ಕಥೆಗಳಲ್ಲಿ ಅರಸೀಕೆರೆಯ ಕಡೆಯ ಗುಡ್ಡಗಳ ಕರಡಿಯೊಂದರ ಕಥೆ ಇದೆ. ೧೯೫೭ರ ಸಂಕಲನದಲ್ಲಿ ಸೇರಿದ ಅದರ ಶೀರ್ಷಿಕೆಯನ್ನು ಕನ್ನಡದಲ್ಲಿ 'ಆಲಂ ಬಕ್ಷ್ ಮತ್ತು ದೊಡ್ಡ ಕಪ್ಪು ಕರಡಿ' ಎನ್ನಬಹುದು. ಇಂಗ್ಲಿಷ್ ಪ್ರಾಣಿಗ್ರಂಥಗಳನ್ನು ಓದಿದವನಿಗೆ 'ಬ್ಲ್ಯಾಕ್ ಬೇರ್' ಎಂದೊಡನೆ ಹಿಮಾಲಯದ ಜಾತಿ ನೆನಪಾಗುತ್ತದೆ. ಅದು ಅರಸೀಕೆರೆಗೆ ಹೇಗೆ ಬಂತು? ಬರಲಿಲ್ಲ. ಕಥೆಯೊಳಗೆ ಕಾಲಿಟ್ಟ ಕೂಡಲೇ ಶೀರ್ಷಿಕೆಯ ಗೊಂದಲ ಕರಗುತ್ತದೆ. ಬಯಲುಸೀಮೆಯ ಬಂಡೆಗುಡ್ಡ, ಅದರ ಬುಡದ ದರ್ಗಾ, ಸುತ್ತಲಿನ ಹೊಲಗಳು, ಕತ್ತಲಲ್ಲಿ ಎದುರಾದವರ ಮುಖವನ್ನು ಉಗುರಿನಿಂದ ಬಗೆಯುವ ಪ್ರಾಣಿ: ಇದೆಲ್ಲ ನಮ್ಮ ಕರಡಿಯದೇ. ಶೀರ್ಷಿಕೆಯಲ್ಲಿ 'ಕಪ್ಪು' ಎಂಬುದು ಬಣ್ಣವೇ ಹೊರತು ಜಾತಿಯಲ್ಲ.

ಈ ಕಥೆಯ ಗುಣವಿರುವುದೂ ಇಲ್ಲೇ. ಮಗನನ್ನು ಆ ಕರಡಿಯಿಂದ ಕಳೆದುಕೊಂಡ ಮುದುಕ ಆಲಂ ಬಕ್ಷನ ದುಃಖವನ್ನು ಆಂಡರ್ಸನ್ ಹಿಗ್ಗಿಸುವುದಿಲ್ಲ. ಕರಡಿ ಹನ್ನೆರಡು ಜನರನ್ನು ಕೊಂದಿತ್ತೆಂದು ಹೇಳುವಾಗಲೂ ಅದನ್ನು ರಾಕ್ಷಸನನ್ನಾಗಿ ಮಾಡುವುದಿಲ್ಲ. ಅದರ ಸಿಟ್ಟಿಗೆ ಊರವರು ಕಟ್ಟಿದ ಕಾರಣಗಳನ್ನು ದಾಖಲಿಸಿ, ಹಿಂದೆ ಮನುಷ್ಯರಿಂದಲೇ ಗಾಯಗೊಂಡಿರಬಹುದೆಂಬ ತನ್ನ ಊಹೆಯನ್ನು ಬದಿಗಿಡುತ್ತಾನೆ. ಆಂಡರ್ಸನ್ ದೊಡ್ಡ ಶೈಲಿಕಾರನಲ್ಲ; ಕಥೆಗಳಲ್ಲಿ ಒಂದೇ ಬಗೆಯ ಕಟ್ಟು ಮತ್ತೆ ಮತ್ತೆ ಬರುತ್ತದೆ. ಆದರೂ ಹೆಸರು ಸಡಿಲವಾಗಿದ್ದಾಗಲೂ ಪ್ರಾಣಿ ಸಡಿಲವಾಗಿಲ್ಲ. ಕಿಪ್ಲಿಂಗನ ಕರಡಿಯಿಂದ ಹೆಸರನ್ನು ತೆಗೆದರೆ ಮೇಷ್ಟರು ಉಳಿಯುತ್ತಾರೆ. ಆಂಡರ್ಸನ್ನನ ಕರಡಿಯಿಂದ ಹೆಸರನ್ನು ತೆಗೆದರೂ ಕರಡಿಯೇ ಉಳಿಯುತ್ತದೆ. ಕಲೆಯಲ್ಲಿ ಕಿಪ್ಲಿಂಗ್ ಬಹು ಮೇಲೆ ನಿಂತವನು. ಕರಡಿಯ ವಿಷಯದಲ್ಲಿ ಮಾತ್ರ ನಮ್ಮ ಬೆಂಗಳೂರಿನವನ ಮಾತು ನಂಬತಕ್ಕದ್ದು.

ಆಂಡರ್ಸನ್ನನ ಕಥೆಗಳನ್ನು 'ಕಾಡಿನ ಕಥೆಗಳು' ಎಂಬ ಸಂಪುಟಗಳಲ್ಲಿ ಕನ್ನಡಕ್ಕೆ ತಂದವರು ಪೂರ್ಣಚಂದ್ರ ತೇಜಸ್ವಿಯವರು. ಕನ್ನಡಕ್ಕೆ ಬಂದ ಕರಡಿಗೆ ಒಂದು ಅನುಕೂಲವುಂಟು: ನಮ್ಮ ನೆಲದಲ್ಲಿರುವುದು ಒಂದೇ ಜಾತಿಯಾದ್ದರಿಂದ 'ಕರಡಿ' ಎಂದರೆ ಸಾಕು, ಕಪ್ಪು ಬಿಳುಪಿನ ವಿಶೇಷಣ ಬೇಕಾಗಿಲ್ಲ. ಆದರೆ ಕನ್ನಡದ ಈ ಒಂಟಿ ಪದವೂ ಹೊಂಡವಿಲ್ಲದ ದಾರಿಯಲ್ಲ. ಉತ್ತರ ಕರ್ನಾಟಕದ ಕರಡಿ ಮಜಲಿನಲ್ಲಿ ಕರಡಿಯೆಂದರೆ ಚರ್ಮವಾದ್ಯ, ಅಲ್ಲಿ ಮೃಗವಿಲ್ಲ. ಹಾಗೆಯೇ 'ತರಕರಡಿ' ಎಂಬ ಪ್ರಾಣಿ ಕರಡಿಯೇ ಅಲ್ಲ. ಅದು ನೀರುನಾಯಿಯ ಕುಟುಂಬಕ್ಕೆ ಸೇರಿದ, ಬೆನ್ನು ಬೂದಿಬಿಳುಪಾಗಿ ಹೊಟ್ಟೆ ಕಪ್ಪಾಗಿರುವ ಗಿಡ್ಡ ಪ್ರಾಣಿ. ನಮ್ಮ ಚರ್ಚೆಗೆ ಈ ತರಕರಡಿ ಬಹಳ ಮುಖ್ಯ. ಏಕೆಂದರೆ ನಿರೀಕ್ಷೆಯಿಲ್ಲದ ಕಡೆ ನಿಜವಾಗಿಯೂ ಕಾಣಿಸಿಕೊಂಡ 'ಕರಡಿ' ಇದೇ. ಕಾವೇರಿ ವನ್ಯಧಾಮದಲ್ಲಿ ಸಂಜಯ್ ಗುಬ್ಬಿಯವರೂ ಸಂಗಡಿಗರೂ ಇರಿಸಿದ್ದ ಸ್ವಯಂಚಾಲಿತ ಕ್ಯಾಮೆರಾಗಳಲ್ಲಿ ಅದರ ಚಿತ್ರ ಮೂಡಿ, ೨೦೧೪ರಲ್ಲಿ ಅದು ಪ್ರಕಟವಾಯಿತು. ಕರ್ನಾಟಕದಲ್ಲಿ ಆ ಪ್ರಾಣಿ ಇದೆಯೆಂಬುದಕ್ಕೆ ದೊರೆತ ಮೊದಲ ಚಿತ್ರಸಾಕ್ಷ್ಯ ಅದು. ನಮ್ಮ ಮಾತಿನಲ್ಲಿ ಮಾತ್ರ ಅದಕ್ಕೆ ಮೊದಲೇ ಹೆಸರಿತ್ತು. ಹಳ್ಳಿಗರ ಬಾಯಲ್ಲಿರುವ ಹೆಸರು ವಿದ್ವಾಂಸರ ಪಟ್ಟಿಗಿಂತ ಮುಂದಿರಬಹುದೆಂಬ ಪಾಠವನ್ನೂ ಇದರಿಂದ ಕಲಿಯಬೇಕು.

ಈ ಪಾಠವನ್ನು ಕನ್ನಡದಲ್ಲಿ ಕಾದಂಬರಿಯನ್ನಾಗಿ ಮಾಡಿದವರೂ ತೇಜಸ್ವಿಯವರೇ. ೧೯೮೦ರ 'ಕರ್ವಾಲೊ'ದಲ್ಲಿ ಹಾರುವ ಓತಿಯನ್ನು ಕಂಡವನು ಹಳ್ಳಿಯ ಹುಡುಗ ಮಂದಣ್ಣ. ಊರು ಅವನನ್ನು ದಡ್ಡನೆಂದು ಬಗೆದಿದೆ. ವಿಜ್ಞಾನಿ ಕರ್ವಾಲೊ ಅವನ ಮಾತನ್ನು ನಕ್ಕು ತಳ್ಳುವುದಿಲ್ಲ. ಹಾಗೆಂದು ಕೇಳಿದೊಡನೆ ಜಗತ್ತಿಗೆ ಸಾರುವುದೂ ಇಲ್ಲ. ಮಂದಣ್ಣನನ್ನೇ ಮುಂದೆ ಮಾಡಿಕೊಂಡು ಕಾಡಿಗೆ ಹೊರಡುತ್ತಾನೆ. ಸಾಕ್ಷಿಯನ್ನು ಗೌರವಿಸುವುದು ಬೇರೆ, ಸಾಕ್ಷ್ಯವನ್ನು ಪರೀಕ್ಷಿಸುವುದು ಬೇರೆ. ಎರಡನ್ನೂ ಒಟ್ಟಿಗೆ ಮಾಡಬಹುದೆಂಬುದನ್ನು ಆ ಕಾದಂಬರಿ ಬೋಧೆಯಿಲ್ಲದೆ ತೋರಿಸುತ್ತದೆ. ಷಾ ಪಂಡಿತನಲ್ಲಿ ಪರೀಕ್ಷೆ ಸಾಲದಾಯಿತು. ನಮ್ಮ ನಗರವಾಸಿಗಳಲ್ಲಿ ಹಲವೊಮ್ಮೆ ಗೌರವವೇ ಸಾಲದು.

ಪುರಾಣದ ಜಾಂಬವಂತನಿಗೂ ಈ ಒರೆಗಲ್ಲನ್ನು ಹಿಡಿಯಬೇಕೆ ಎಂದು ಸಹೃದಯರು ಆಕ್ಷೇಪಿಸಬಹುದು. ಬೇಕಾಗಿಲ್ಲ. ಮಾತನಾಡುವ, ವಯೋವೃದ್ಧನಾದ, ಮಗಳನ್ನು ಕೃಷ್ಣನಿಗೆ ಧಾರೆಯೆರೆಯುವ ಋಕ್ಷರಾಜನಿಗೆ ಹಲ್ಲಿನ ಲೆಕ್ಕ ಕೇಳುವುದು ಅರಸಿಕತೆ. ಪುರಾಣ ತನ್ನನ್ನು ಪುರಾಣವೆಂದೇ ಹೇಳಿಕೊಳ್ಳುತ್ತದೆ. ಆದರೂ ಒಂದು ಮಾತು: ಕಿಷ್ಕಿಂಧೆಯೆಂದು ಜನ ನಂಬಿರುವ ಆನೆಗೊಂದಿ, ಹಂಪೆಯ ಬಂಡೆಗಳ ನಡುವೆ ಇಂದಿಗೂ ಕರಡಿಗಳಿವೆ, ಅವುಗಳಿಗಾಗಿಯೇ ೧೯೯೪ರಲ್ಲಿ ದರೋಜಿಯ ಕರಡಿಧಾಮ ಏರ್ಪಟ್ಟಿತು. ಕವಿ ಜಾತಿಯನ್ನು ಹೇಳದಿದ್ದರೂ ಕರಡಿಯ ಸೇನೆಯನ್ನು ಕರಡಿಯಿರುವ ನೆಲದ ಹತ್ತಿರದಲ್ಲೇ ನಿಲ್ಲಿಸಿದಂತಾಗಿದೆ. ಒರೆಗಲ್ಲು ಬೇಕಾದದ್ದು ಊರು, ಕಾಲ, ಕಾಡನ್ನು ಹೆಸರಿಸಿ "ಇದು ಹೀಗೆ ನಡೆಯಿತು" ಎನ್ನುವ ಬರವಣಿಗೆಗೆ. ಎಲ್ಲಕ್ಕಿಂತ ಹೆಚ್ಚಾಗಿ ಮಕ್ಕಳ ಪುಸ್ತಕಕ್ಕೆ ಮತ್ತು ಪತ್ರಿಕೆಯ ವರದಿಗೆ.

ಮಕ್ಕಳ ಪುಸ್ತಕದಲ್ಲಿ 'ಕ' ಎಂದರೆ ಕರಡಿ ಎಂದು ಬರೆದು ಪಕ್ಕದಲ್ಲಿ ದುಂಡು ಕಿವಿಯ ಕಂದು ಕರಡಿಯನ್ನೋ, ಹಿಮದ ಮೇಲಿನ ಬಿಳಿಯ ಕರಡಿಯನ್ನೋ ಅಚ್ಚುಹಾಕಿದರೆ ನಷ್ಟವೇನೆಂದು ಕೇಳುವವರಿದ್ದಾರೆ. ನಷ್ಟವಿದೆ. ನಮ್ಮ ನಗರದ ಜನ ಕರಡಿಯನ್ನು ಕಂಡದ್ದು ಎರಡೇ ಕಡೆ: ಇಂಥ ಚಿತ್ರಗಳಲ್ಲಿ, ಮತ್ತು ಬೀದಿಯಲ್ಲಿ. ಬೀದಿಗೆ ಬರುತ್ತಿದ್ದ ಕುಣಿಯುವ ಕರಡಿ ನಮ್ಮ ಕರಡಿಯೇ. ಆದರೆ ಅದರ ಹಲ್ಲುಗಳನ್ನು ಕಿತ್ತು, ಮೂತಿಯನ್ನು ಸುಟ್ಟ ದಬ್ಬಳದಿಂದ ತೂತುಮಾಡಿ ಹಗ್ಗ ಪೋಣಿಸಿರುತ್ತಿದ್ದರು. ಯಾವ ಲಾಂಛನಗಳಿಂದ ಅದನ್ನು ಗುರುತಿಸಬೇಕೋ ಅವುಗಳನ್ನೇ ಕಿತ್ತುಹಾಕಿ ನಮ್ಮ ಮುಂದೆ ನಿಲ್ಲಿಸಿದ್ದರು; ನಾವು ಕಾಸು ಕೊಟ್ಟು ನಕ್ಕೆವು. ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನದ ಬಳಿಕವೂ ದಶಕಗಳ ಕಾಲ ಈ ಕುಣಿತ ನಿಲ್ಲಲಿಲ್ಲ. ಕೊನೆಯದೆಂದು ಹೆಸರಾದ ರಾಜು ಎಂಬ ಕರಡಿ ೨೦೦೯ರಲ್ಲಿ ಬನ್ನೇರುಘಟ್ಟದ ರಕ್ಷಣಾಕೇಂದ್ರವನ್ನು ಸೇರಿತು. ಬಾಲೂವಿನ ಶಾಲೆಯೂ ಬೀದಿಯ ಕುಣಿತವೂ ಕೂಡಿ ಕರಡಿಯೆಂದರೆ ಮೆತ್ತಗಿನ, ತಮಾಷೆಯ, ಸೋಮಾರಿ ಪ್ರಾಣಿಯೆಂಬ ಭ್ರಮೆಯನ್ನು ಬೆಳೆಸಿವೆ. ನಿಜವಾದ ಕರಡಿ ಹಠಾತ್ತನೆ ಎದುರಾದರೆ ಓಡಿಹೋಗುವ ಬದಲು ಮೇಲೆ ಬೀಳುವ ಪ್ರಾಣಿ. ನಸುಕಿನಲ್ಲಿ ಹೊಲಕ್ಕೆ ಹೋದವರು ಕಣ್ಣು, ಮುಖಗಳನ್ನು ಕಳೆದುಕೊಂಡಿದ್ದಾರೆ. ಚಿತ್ರ ತಪ್ಪಾದರೆ ಎಚ್ಚರವೂ ತಪ್ಪುತ್ತದೆ. ಅತ್ತ ಭಯಪಟ್ಟ ಜನ ಗುಂಪುಗೂಡಿ ಕಲ್ಲೆಸೆದರೆ ಕರಡಿಯೂ ಸಾಯುತ್ತದೆ, ಮನುಷ್ಯರಿಗೂ ಗಾಯವಾಗುತ್ತದೆ.

ಪಶ್ಚಿಮಕ್ಕೆ ತುಮಕೂರಿನ ದೇವರಾಯನದುರ್ಗ, ದಕ್ಷಿಣಕ್ಕೆ ರಾಮನಗರದ ಬಂಡೆಗಳು ಕರಡಿಯ ನೆಲೆಗಳೇ. ನಡುವೆ ಇರುವ ಊರುಗಳಿಗೆ ಅದು ದೂರದ ಪ್ರಾಣಿಯಲ್ಲ. ನಾಳೆ ಮಧುರೆಯ ಕಡೆಯ ರೈತನೊಬ್ಬನು ಕೆರೆಯ ಏರಿಯ ಮೇಲೆ ಕರಡಿಯನ್ನು ಕಂಡೆನೆಂದರೆ, ಬೆಂಗಳೂರಿನ ಓದುಗನು ಅದನ್ನು ನಗುವುದಕ್ಕೂ ಮೊದಲು, "ಹಿಮಾಲಯದ ಕರಡಿ ಬಂದಿದೆಯಂತೆ" ಎಂದು ಹಬ್ಬಿಸುವುದಕ್ಕೂ ಮೊದಲು, ಕೇಳಬೇಕಾದ ಪ್ರಶ್ನೆಗಳು ಸುಲಭವಾದವು: ಕೂದಲು ಉದ್ದವೋ ಗಿಡ್ಡವೋ? ಮೂತಿಯ ಬಣ್ಣವೇನು? ಉಗುರಿನ ಗುರುತು ನೆಲದ ಮೇಲಿತ್ತೆ? ಹುತ್ತ ಅಗೆದಿತ್ತೆ? ಈ ಪ್ರಶ್ನೆಗಳಿಗೆ ರೈತನು ಉತ್ತರ ಹೇಳಬಲ್ಲನು. ಏಕೆಂದರೆ ಅವನು ನೋಡಿದ್ದಾನೆ. ನಮ್ಮ ಕಥೆಗಾರರನ್ನೂ ಇದೇ ಪ್ರಶ್ನೆಗಳಿಂದ ವಿಚಾರಿಸುವ ರೂಢಿಯನ್ನು ವಿಮರ್ಶಕರು ಬೆಳೆಸಿಕೊಂಡರೆ, ಅವರೂ ಬರೆಯುವ ಮುನ್ನ ಒಮ್ಮೆ ಹೋಗಿ ನೋಡಿಬಂದಾರು.